ಮೂಗು ತೋರಿಸಲು ಹೋದರೆ

ನನ್ನ ಮೂಗಿಗೆ ‘ಬೋಂಡಾ’ ಎಂದು ಹೆಸರಿಟ್ಟವರು ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ. ನನಗಾಗ ಒಂಬತ್ತು ವರ್ಷ. ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಬೀದಿಗೆಲ್ಲ ಆ ಹೆಸರು ಹಬ್ಬಲು ಒಂದು ವಾರ ಸಾಕಾಯಿತು. ಎಲ್ಲರೂ ಅದನ್ನು ಪ್ರೀತಿ ಎಂದೇ ತಿಳಿದಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊರೊನಾ ಹೋಗಿ ವರ್ಷಗಳಾದರೂ ನಾನು ಮಾಸ್ಕ್ ಬಿಡಲಿಲ್ಲ. ಕೆಲಸ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ. ಕೇಳಿದವರಿಗೆ ಡಸ್ಟ್ ಅಲರ್ಜಿ ಎನ್ನುತ್ತಿದ್ದೆ. ಗಿರಾಕಿಗಳು ಸೀರೆ ಹೊದ್ದು ನೋಡುವ ಕನ್ನಡಿಯ ಮುಂದೆ, ಯಾರೂ ಇಲ್ಲದಾಗ ಮಾಸ್ಕ್ ಇಳಿಸಿ ನೋಡಿಕೊಳ್ಳುವುದು, ಅಸಹ್ಯಪಡುವುದು, ಮತ್ತೆ ನೋಡುವುದು. ದಿನವೆಲ್ಲ ಇದೇ.

ಮೂಗಿನ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಾಗ, ನನಗೆ ಗಂಡು ಹುಡುಕುತ್ತಿದ್ದ ಅಮ್ಮ ತಕ್ಷಣ ಒಪ್ಪಿದಳು. ಆದರೆ ಸರ್ಜನ್ ನನ್ನ ಮಾತನ್ನೆಲ್ಲ ಕೇಳಿ, ಮೊದಲು ಕೌನ್ಸೆಲರ್ ಒಬ್ಬರನ್ನು ನೋಡಿ ಬನ್ನಿ ಎಂದರು. ಮೂಗು ತೋರಿಸಲು ಹೋದರೆ ತಲೆ ತೋರಿಸು ಎಂದಂತಾಯಿತು. ದುರ್ಗಿಗುಡಿಯ ಕೌನ್ಸೆಲರ್ ಬಳಿಗೆ ಸಿಟ್ಟಿನಿಂದಲೇ ಹೋದೆ. ‘ಇವಳಿಗೇನೂ ಆಗಿಲ್ಲ’ ಎಂದು ಬರೆಸಿಕೊಂಡು ಬರುವುದಷ್ಟೇ ನನ್ನ ಉದ್ದೇಶ.

ಮೂರನೆಯ ಸಲ ಹೋದಾಗ ಆಕೆ ಕೇಳಿದರು: “ಆಪರೇಷನ್ ಆಯ್ತು, ಮೂಗು ನೀವು ಅಂದ್ಕೊಂಡ ಹಾಗೇ ಬಂತು ಅಂತಿಟ್ಕೊಳ್ಳಿ. ಬೆಳಿಗ್ಗೆ ಎದ್ದು ಮೊದಲು ಏನ್ ಮಾಡ್ತೀರಾ?”

“ಕನ್ನಡಿ ನೋಡ್ತೀನಿ.”

“ಆಮೇಲೆ?”

“ಸರಿಯಾಗಿದ್ಯಾ ಅಂತ ಇನ್ನೊಂದ್ಸಲ ನೋಡ್ತೀನಿ” ಎಂದೆ. ಹೊಸ ಮೂಗು ಬಂದರೂ ನಾನು ಕನ್ನಡಿ ಬಿಟ್ಟು ಕದಲುವುದಿಲ್ಲ ಎಂದು ನನ್ನ ಬಾಯಿಂದಲೇ ಬಂದಿತ್ತು. ಬಿಕ್ಕಿ ಬಿಕ್ಕಿ ಅತ್ತೆ. ಈ ನರಳಾಟಕ್ಕೊಂದು ಹೆಸರಿದೆ, ಚಿಕಿತ್ಸೆಯೂ ಇದೆ ಎಂದರು ಆಕೆ. ಆಪರೇಷನ್ ಬೇಡವೆನ್ನಲಿಲ್ಲ, ಅವಸರ ಬೇಡ ಎಂದರು.

ಗಲಾಟೆ ಶುರುವಾದದ್ದು ಮನೆಯಲ್ಲಿ. ನಾನು ಹಲ್ಲಿನ ಡಾಕ್ಟರ್ ಹತ್ತಿರ ಹೋಗುತ್ತಿದ್ದೇನೆ ಎಂದು ಅಮ್ಮ ಎಲ್ಲರಿಗೂ ಸುಳ್ಳು ಹೇಳಿದ್ದಳು. ಒಂದು ಭಾನುವಾರ ದೊಡ್ಡಮ್ಮ ಬಂದು, “ಎಲ್ಲಿ, ಯಾವ ಹಲ್ಲು?” ಎಂದು ನನ್ನ ಬಾಯೊಳಗೇ ಇಣುಕಿದರು.

“ಹಲ್ಲಲ್ಲ ದೊಡ್ಡಮ್ಮ, ಮನಸ್ಸು. ಕೌನ್ಸೆಲರ್ ಹತ್ರ ಹೋಗ್ತಿದೀನಿ.”

“ಅಯ್ಯೋ ಮಾರಾಯ್ತಿ, ಸುಮ್ನೆ ಮೂಗು ಸರಿ ಮಾಡಿಸ್ಕೊಂಡಿದ್ರೆ ಮುಗೀತಿತ್ತು. ಹುಚ್ಚರ ಡಾಕ್ಟರ್ ಹತ್ರ ಹೋಗ್ತಾಳೆ ಅಂದ್ರೆ ಯಾವ ಗಂಡು ಬರ್ತಾನೆ?”

ನೋಡಿ ಇವರ ನ್ಯಾಯ! ಮುಖಕ್ಕೆ ಕತ್ತರಿ ಹಾಕಿಸಿಕೊಂಡರೆ ಮರ್ಯಾದೆ, ಕೂತು ನಾಲ್ಕು ಮಾತಾಡಿದರೆ ಹುಚ್ಚು.

“ಬರೋದೇ ಬೇಡ” ಎಂದೆ. “ಈ ಮೂಗು ಹೀಗೇ ಇರ್ಬೇಕೋ ಬೇಡ್ವೋ ನಾನು ತೀರ್ಮಾನ ಮಾಡ್ತೀನಿ. ಅಲ್ಲೀತನಕ ಇದರ ಸುದ್ದಿಗೆ ಯಾರೂ ಬರ್ಬೇಡಿ. ನೀವೂ ಅಷ್ಟೇ, ಅಮ್ಮಾನೂ ಅಷ್ಟೇ.”

ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟರು. ಇಟ್ಟುಕೊಳ್ಳಲಿ, ಅದು ಅವರ ಮೂಗು.