ಎರಡನೇ ಸಲ ಸುಂಕ ಬಿದ್ದ ಗಡಿಯಾರ

ನಮ್ಮ ಭಾವನವರಿಗೆ ಎರಡು ಕಣ್ಣೂ ಚೆನ್ನಾಗಿದ್ದವು. ಆದರೂ ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಒಂಟಿಗಣ್ಣಿನವರು ಎಂದೇ. ಬೆಳಿಗ್ಗೆ ಅಂಗಡಿ ತೆರೆದು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಊಟಕ್ಕೆ ಏಳುವವರೆಗೂ ಅದು ಅಲ್ಲೇ ಇರುತ್ತಿತ್ತು. ಯಾರಾದರೂ ಬಂದರೆ ಆ ಗಾಜಿನಿಂದಲೇ ತಲೆಯೆತ್ತಿ ನೋಡುತ್ತಿದ್ದರು. "ನನ್ನ ಮುಖದಲ್ಲಿ ಎಷ್ಟು ಚಕ್ರ ಇದೆ ಅಂತ ಎಣಿಸ್ತಿದ್ದೀರಾ ಹೇಗೆ?" ಎಂದು ಎದುರಂಗಡಿಯ ಕ್ಷೌರಿಕರು ಕೇಳುತ್ತಿದ್ದರು.

ಭಾವ ಗಡಿಯಾರ ರಿಪೇರಿ ಮಾಡುತ್ತಿದ್ದರು. ನಾನು ಅವರ ತಮ್ಮನ ಹೆಂಡತಿ. ನಮ್ಮವರು ಹೋದ ಮೇಲೂ ಅದೇ ಮನೆಯಲ್ಲಿ ಉಳಿದೆ. ಮೇಲೆ ಮನೆ, ಕೆಳಗೆ ಅಂಗಡಿ. ಅಂಗಡಿಯ ಹಿಂದಿನ ಕಿಟಕಿಯ ಹತ್ತಿರ ನನ್ನ ಹೊಲಿಗೆ ಮಿಷನ್. ವರ್ಷಗಟ್ಟಲೆ ನಾನು ಅವರ ಬೆನ್ನು ನೋಡುತ್ತ ಅಂಗಿಗಳಿಗೆ ಕಾಜಾ ಹೊಲಿದೆ.

ಕೈಗೆ ಬಂದ ಗಡಿಯಾರವನ್ನು ಭಾವ ಮೊದಲು ಕಿವಿಗೆ ಹಿಡಿಯುತ್ತಿದ್ದರು. ಆಗ ನಾನು ಪೆಡಲಿನಿಂದ ಕಾಲು ತೆಗೆಯಬೇಕು. ದೇವರ ಮುಂದೆ ಕೂತಾಗಲೂ ಅಷ್ಟು ಮೌನ ನನಗೆ ಸಿಕ್ಕಿದ್ದು ಅಪರೂಪ. ಕೆಲಸವೆಲ್ಲ ಮುಗಿದು ಹಿಂಬದಿಯ ಮುಚ್ಚಳ ಹಾಕುವ ಮೊದಲು, ಅದರ ಒಳಮೈಮೇಲೆ ಸೂಜಿಮೊನೆಯಿಂದ ತಿಂಗಳು, ವರ್ಷ ಮತ್ತು ಒಂದು ಪುಟ್ಟ ಕೊಕ್ಕೆಯನ್ನು ಗೀರುತ್ತಿದ್ದರು. ಬರಿಗಣ್ಣಿಗೆ ಅದು ಬಿದ್ದ ಕೂದಲಿನಂತೆ ಕಾಣುತ್ತಿತ್ತು. ಹಾಗೆ ಗುರುತು ಬಿಡುವುದು ಆ ಕಸುಬಿನವರ ಪದ್ಧತಿ. ಅದನ್ನೇ, ಗಡಿಯಾರ ಯಾರದೆಂಬುದರ ಜೊತೆ, ನೀಲಿ ರಟ್ಟಿನ ಪುಸ್ತಕದಲ್ಲೂ ಬರೆದಿಡುತ್ತಿದ್ದರು.

"ಮನುಷ್ಯರ ಮುಖ ಮರೀತಾರೆ, ಗಡಿಯಾರದ ಹೊಟ್ಟೆ ನೋಡಿದ್ರೆ ಮೂರು ತಲೆಮಾರು ಹೇಳ್ತಾರೆ," ಎಂದು ಅವರ ಹೆಂಡತಿ, ನಮ್ಮ ಅಕ್ಕ, ಆಡಿಕೊಳ್ಳುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಭಾವ ಎಡವಿದ್ದೂ ಅಲ್ಲೇ.

ಮೂಲೆಮನೆಯ ಟೀಚರಮ್ಮನ ಹತ್ತಿರ ಒಂದು ಕೈಗಡಿಯಾರವಿತ್ತು. ಅವರ ಯಜಮಾನರು ಹಡಗಿನಲ್ಲಿ ಕೆಲಸಕ್ಕಿದ್ದಾಗ ಹೊರದೇಶದಿಂದ ಕೊಂಡು ತಂದದ್ದು. ನಮ್ಮ ಬೀದಿಯ ಅಷ್ಟೂ ಗಡಿಯಾರ ಸೇರಿಸಿದರೂ ಅದರ ಬೆಲೆಯಾಗುತ್ತಿರಲಿಲ್ಲ. ಹಡಗು ಇಳಿಯುವಾಗ ಜೊತೆಯವರೆಲ್ಲ ಸುಂಕ ತಪ್ಪಿಸಲು ಹೊಸ ಗಡಿಯಾರವನ್ನು ಕೈಗೆ ಕಟ್ಟಿ ಅಂಗಿಯ ತೋಳು ಇಳಿಬಿಟ್ಟು ಬಂದರು. ಇವರೊಬ್ಬರೇ ಸುಂಕದವರ ಮೇಜಿನ ಮೇಲೆ ಬಿಚ್ಚಿಟ್ಟು, ಎರಡು ತಿಂಗಳ ಸಂಬಳವನ್ನು ಸುಂಕವಾಗಿ ಕಟ್ಟಿ ಬಂದರಂತೆ. "ಒಂದು ವಾರ ನಾನು ಅವರ ಜೊತೆ ಮಾತು ಬಿಟ್ಟಿದ್ದೆ," ಎಂದು ಟೀಚರಮ್ಮ ನನಗೆ ಎಷ್ಟು ಸಲ ಹೇಳಿದ್ದರೋ. ಯಜಮಾನರು ತೀರಿಕೊಂಡ ಮೇಲೆ ಅವರು ದಿನವೂ ಎದ್ದ ಕೂಡಲೇ ಅದಕ್ಕೆ ಕೀ ಕೊಡುತ್ತಿದ್ದರು. ಆಮೇಲೇ ಹಾಲು ಒಲೆಯ ಮೇಲಿಡುವುದು.

ಒಂದು ದಿನ ಅದು ನಿಂತಿತು. ಒಳಗಿನ ಚಕ್ರವೊಂದು ಮುರಿದಿತ್ತು. ಆ ಕಂಪನಿಯವರು ಹೊರಗಿನ ರಿಪೇರಿಯವರಿಗೆ ಬಿಡಿಭಾಗ ಮಾರುತ್ತಿರಲಿಲ್ಲ, ಗಡಿಯಾರವೇ ಅವರ ದೇಶಕ್ಕೆ ಹೋಗಬೇಕಿತ್ತು. ಹಾಗೆ ಕಳಿಸುವ ಮೊದಲು ಸುಂಕದ ಕಚೇರಿಯಲ್ಲಿ ಗಡಿಯಾರದ ನಂಬರು ಬರೆಸಬೇಕು. ಮರಳಿ ಬಂದಾಗ ಅದೇ ಗಡಿಯಾರ ಎಂದು ಗೊತ್ತಾದರೆ ರಿಪೇರಿಯ ಖರ್ಚಿಗಷ್ಟೇ ಸುಂಕ. ಗೊತ್ತಾಗದಿದ್ದರೆ ಹೊಸದಾಗಿ ಕೊಂಡು ತರಿಸಿದಂತೆಯೇ ಲೆಕ್ಕ, ಪೂರ್ತಿ ಬೆಲೆಯ ಮೇಲೆ ಸುಂಕ.

ಭಾವ ತಾವೇ ಹೋಗಿ ನಂಬರು ಬರೆಸಿ ಬಂದರು. ನಾಲ್ಕು ತಿಂಗಳ ಮೇಲೆ ಪಾರ್ಸೆಲ್ ಸುಂಕದ ಕಚೇರಿಗೆ ಬಂತು. ಅದರ ಹಿಂದೆಯೇ ಅಲ್ಲಿಂದ ಒಂದು ಕಾಗದ ನಮ್ಮ ಅಂಗಡಿಗೆ ಬಂತು. ನಂಬರು ತಾಳೆಯಾಗುತ್ತಿಲ್ಲ, ಪೂರ್ತಿ ಸುಂಕ ಕಟ್ಟಿ, ಮೂವತ್ತು ದಿನದೊಳಗೆ ಕಟ್ಟದಿದ್ದರೆ ಹರಾಜು ಎಂದು ಬರೆದಿತ್ತು. ಆ ಮೊತ್ತ ಟೀಚರಮ್ಮನ ಒಂದು ವರ್ಷದ ಪಿಂಚಣಿಗಿಂತ ಹೆಚ್ಚು.

ಭಾವ ಕಾಗದವನ್ನು ಎರಡು ಸಲ ಓದಿ ಭೂತಗನ್ನಡಿ ತೆಗೆದಿಟ್ಟರು. ಕೆಲಸದ ಹೊತ್ತಿನಲ್ಲಿ ಅವರ ಎರಡು ಕಣ್ಣನ್ನೂ ನಾನು ಒಟ್ಟಿಗೆ ನೋಡಿದ್ದು ಅವತ್ತೇ.

"ಒಳಗಿನ ನಂಬರು ಬರೆಸಿಬಿಟ್ಟೆನಮ್ಮಾ," ಎಂದರು ನನಗೆ. "ಹೊರಗಿನ ಕವಚ, ಕೇಸು ಅಂತೀವಲ್ಲ, ಅದರ ಮೇಲೂ ಒಂದು ನಂಬರು ಇರುತ್ತೆ. ಎಲ್ಲರೂ ಅದನ್ನೇ ಬರೆಸೋದು. ನನಗೆ ಗಡಿಯಾರ ಅಂದ್ರೆ ಒಳಗಿನ ಮಿಷನ್ನೇ. ಅದರ ನಂಬರು ಕೊಟ್ಟೆ. ಕಂಪನಿಯವರು ಚಕ್ರ ಒಂದನ್ನು ಬದಲಾಯಿಸೋ ಬದಲು ಇಡೀ ಮಿಷನ್ನೇ ಹೊಸದು ಹಾಕಿದ್ದಾರೆ ಅಂತ ಇದರಲ್ಲಿದೆ."

"ಹಳೇದು, ನಡೆಯಲ್ಲ, ಬೆಲೆಯಿಲ್ಲ ಅಂತ ಬರೆದುಕೊಡಿ. ಯಾರಿಗೆ ಗೊತ್ತಾಗುತ್ತೆ?" ಎಂದಳು ಅಕ್ಕ.

"ನಡೆಯೋ ಗಡಿಯಾರವನ್ನ ನಡೆಯಲ್ಲ ಅಂತ ನನ್ನ ಕೈಯಲ್ಲೇ ಬರೆಸ್ತೀಯಾ?"

"ಹಾಗಾದ್ರೆ ಕಟ್ಟಿ. ಲೇತ್ ಮಿಷನ್ನು, ಅಂಗಡಿ, ನನ್ನನ್ನೂ ಸೇರಿಸಿ ಮಾರಿ ಕಟ್ಟಿ!"

ಭಾವ ನಕ್ಕರು. "ನಿನಗೆ ಸುಂಕ ಹಾಕೋರು ಇನ್ನೂ ಹುಟ್ಟಿಲ್ಲ ಬಿಡು."

ಆದರೆ ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಟೀಚರಮ್ಮ ಅವರನ್ನು ದೂರಲಿಲ್ಲ. ತಮ್ಮ ಯಜಮಾನರ ಹಳೆಯ ಸುಂಕದ ರಸೀದಿ ಹುಡುಕಿ ತಂದುಕೊಟ್ಟರು. ಅದರಲ್ಲಿ 'ಕೈಗಡಿಯಾರ, ಒಂದು' ಎಂದಷ್ಟೇ ಇತ್ತು. "ಬೆಳಿಗ್ಗೆ ಕೈ ತಾನಾಗೇ ಗಡಿಯಾರ ಹುಡುಕುತ್ತೆ ಕಣೇ," ಎಂದು ನನಗೊಬ್ಬಳಿಗೇ ಹೇಳಿದರು. ಅವರಿಗಾಗಿ ನಾನು ಏನು ಮಾಡಬಲ್ಲೆ? ಕಾಜಾ ಹೊಲಿಯುತ್ತಲೇ ಮನಸ್ಸಿನಲ್ಲಿ ದೇವರನ್ನು ಬೇಡಿಕೊಂಡೆ.

ಮೂರನೆಯ ದಿನ ಭಾವ ನೀಲಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. "ನೀನೂ ಹೋಗು. ಒಬ್ಬರನ್ನೇ ಬಿಟ್ಟರೆ ಗಡಿಯಾರ ಬಿಟ್ಟು ಯಾರದೋ ಛತ್ರಿ ತರ್ತಾರೆ," ಎಂದು ಅಕ್ಕ ನನ್ನನ್ನೂ ಕಳಿಸಿದಳು. ಟೀಚರಮ್ಮನೂ ಬಂದರು.

ಸುಂಕದ ಕಚೇರಿಯಲ್ಲಿ ಉದ್ದನೆಯ ಬೆಂಚುಗಳು, ಅರಗಿನ ವಾಸನೆ, ಚಾವಣಿಯವರೆಗೂ ಪೆಟ್ಟಿಗೆಗಳು. ಅಧಿಕಾರಿ ನಡುವಯಸ್ಸಿನ ಹೆಂಗಸು. ಕಟುವಾದವರಲ್ಲ, ಆದರೆ ಕಾಗದ ಬಿಟ್ಟು ಮಾತಾಡುವವರೂ ಅಲ್ಲ.

"ಮಿಷನ್ ಬದಲಾಗಿದೆ ಅಂತ ಕಂಪನಿಯವರೇ ಬರೆದಿದ್ದಾರೆ," ಎಂದರು. "ಸರಿ. ಹಾಗಾದ್ರೆ ಇಲ್ಲಿಂದ ಹೋಗಿದ್ದರಲ್ಲಿ ಏನು ಉಳಿದಿದೆ ಅಂತ ನನಗೆ ತೋರಿಸಿ."

"ಕೇಸು ಹಳೇದೇ, ಮೇಡಂ. ಹಿಂದಿನ ಮುಚ್ಚಳ ತೆಗೆದರೆ ಒಳಗೆ ನನ್ನ ಕೈಬರಹ ಇದೆ."

"ಕೈಬರಹನಾ?"

ಭಾವ ಪುಸ್ತಕವನ್ನು ಮುಂದಿಟ್ಟರು. "ನಾನು ಮುಟ್ಟಲ್ಲ. ನಿಮ್ಮವರೇ ತೆಗೀಲಿ. ನೀವು ಮುಚ್ಚಳ ನೋಡ್ತಾ ಓದಿ, ಪುಸ್ತಕದಲ್ಲಿ ಇದೆಯೋ ಇಲ್ಲವೋ ಅಂತ ಇವರು ನೋಡಲಿ," ಎಂದು ಪಕ್ಕದ ಮೇಜಿನ ಗುಮಾಸ್ತರನ್ನು ತೋರಿಸಿದರು.

ಮುಚ್ಚಳ ತೆಗೆದದ್ದಾಯಿತು. ಭಾವ ತಮ್ಮ ಭೂತಗನ್ನಡಿಯನ್ನು ಪಂಚೆಯ ಅಂಚಿನಿಂದ ಒರೆಸಿ ಕೊಟ್ಟರು. ಅದನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳಲು ಅಧಿಕಾರಿಗೆ ಬರಲಿಲ್ಲ, ಎರಡು ಸಲ ಮಡಿಲಿಗೆ ಬಿತ್ತು. ಕೊನೆಗೆ ಬೆರಳಿನಿಂದ ಹಿಡಿದುಕೊಂಡು ಬಗ್ಗಿದರು. ಒಂದೊಂದೇ ತಿಂಗಳು, ವರ್ಷ ಓದಿದರು. ಗುಮಾಸ್ತರು ಪುಟ ತಿರುಗಿಸಿ, "ಇದೆ" ಎಂದರು. ಎರಡನೆಯದೂ ಇತ್ತು, ಮೂರನೆಯದೂ ಇತ್ತು. ಹಾಗೆ ಏಳು ಆದವು. ಟೀಚರಮ್ಮ ನನ್ನ ಕೈ ಹಿಡಿದುಕೊಂಡಿದ್ದರು.

"ಎಂಟನೆಯದೊಂದು ಇದೆ," ಎಂದು ಅಧಿಕಾರಿ ಅದನ್ನೂ ಓದಿದರು.

ಗುಮಾಸ್ತರು ಹಿಂದೆ ಮುಂದೆ ಹುಡುಕಿದರು. "ಇದು ಪುಸ್ತಕದಲ್ಲಿ ಇಲ್ಲ ಮೇಡಂ. ಆ ತಿಂಗಳಲ್ಲಿ ಏನೂ ಬರೆದೇ ಇಲ್ಲ."

ಆ ತಿಂಗಳು ನಮ್ಮವರು ಹೋದ ತಿಂಗಳು.

ಅಧಿಕಾರಿ ತಲೆಯೆತ್ತಿದರು. "ನೀವು ಎಲ್ಲಾ ಬರೆದಿಡ್ತೀರಿ ಅಂದಿರಿ."

ಭಾವ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿ ಆ ಪುಟ ನೋಡಿದರು. "ಆ ತಿಂಗಳು ನನ್ನ ತಮ್ಮ ಹೋದ, ಮೇಡಂ. ಕೈಗೆ ಕೆಲಸ ಬೇಕಿತ್ತು, ಮಾಡಿದೆ. ಗೀರೋದು ಅಭ್ಯಾಸ, ಗೀರಿದೆ. ಪುಸ್ತಕ ತೆಗೆದು ದಿನಾಂಕ ಬರೆಯೋಕೆ ಮಾತ್ರ ಆಗಲಿಲ್ಲ. ಈಗ ನೀವು ಓದೋವರೆಗೂ ನನಗೇ ನೆನಪಿರಲಿಲ್ಲ."

ಅವರ ತಮ್ಮ ಹೋದ ಮೂರನೆಯ ದಿನವೇ ಅವರು ಅಂಗಡಿ ತೆರೆದು ಕೂತಿದ್ದರು. ಎಂಥ ಕಲ್ಲುಮನಸ್ಸು ಎಂದು ನಾನು ಆಗ ಒಳಗೊಳಗೇ ನೊಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ, ದೇವರಿಗೆ ಮಾತ್ರ ಹೇಳಿದ್ದೆ. ಆ ಬೆಂಚಿನ ಮೇಲೆ ಕೂತು, ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡೆ.

ಅಧಿಕಾರಿ ಮತ್ತೊಮ್ಮೆ ಬಗ್ಗಿ ನೋಡಿದರು. "ಎಂಟೂ ಒಂದೇ ಕೈಯ ಗೀರು. ಮೋಸ ಮಾಡೋರು ಪುಸ್ತಕಾನೂ ಸರಿಮಾಡಿಕೊಂಡು ಬರ್ತಿದ್ದರು," ಎಂದು ತಮಗೇ ಹೇಳಿಕೊಂಡಂತೆ ಹೇಳಿ ಬರೆಯತೊಡಗಿದರು. ಗಡಿಯಾರ ಅದೇ, ಹೊಸ ಮಿಷನ್ನಿಗೂ ರಿಪೇರಿಗೂ ಮಾತ್ರ ಸುಂಕ ಎಂದಾಯಿತು.

ಕಟ್ಟುವ ಕಿಟಕಿಯ ಮುಂದೆ ಜಗಳವಾಯಿತು.

"ತಪ್ಪು ನನ್ನದು, ನಾನು ಕಟ್ತೀನಿ," ಎಂದರು ಭಾವ.

"ನಮ್ಮವರು ಇದೇ ಗಡಿಯಾರಕ್ಕೆ ಕಟ್ಟಿ ತಲೆಯೆತ್ತಿ ಬಂದೋರು. ಅವರ ಹೆಂಡತಿ ಬೇರೆಯವರ ದುಡ್ಡಲ್ಲಿ ಬಿಡಿಸ್ಕೊಂಡು ಹೋಗ್ಬೇಕಾ? ಸರೀರಿ ಆಚೆ!" ಟೀಚರಮ್ಮ ಶಾಲೆಯ ದನಿ ತೆಗೆದಿದ್ದರು. ಭಾವ ಹಿಂದಿನ ಬೆಂಚಿನ ಹುಡುಗನ ಹಾಗೆ ಸರಿದು ನಿಂತರು.

ದುಡ್ಡು ಕಟ್ಟಿದ ಟೀಚರಮ್ಮ ಅಲ್ಲೇ, ಕಿಟಕಿಯ ಮುಂದೆಯೇ, ಗಡಿಯಾರಕ್ಕೆ ಕೀ ಕೊಟ್ಟು ಭಾವನ ಕಿವಿಗೆ ಹಿಡಿದರು. ಭಾವ ಕಣ್ಣು ಮುಚ್ಚಿದರು. ಹಿಂದೆ ಸಾಲಿನಲ್ಲಿದ್ದವರು ಗೊಣಗಿಕೊಂಡರು.

"ಹೊಸ ದನಿ. ಆದ್ರೆ ಒಳ್ಳೇದು," ಎಂದರು ಭಾವ.

ಮನೆಗೆ ಬಂದವರು ಮೇಲೆ ಹೋಗಲಿಲ್ಲ. ನಾನು ನನ್ನ ಜಾಗದಲ್ಲಿ ಕೂತೆ. ಭಾವ ನೀಲಿ ಪುಸ್ತಕ ತೆರೆದು, ಎರಡು ಸಾಲುಗಳ ನಡುವೆ ಇಕ್ಕಟ್ಟಿನಲ್ಲಿ ಆ ತಿಂಗಳನ್ನೂ ವರ್ಷವನ್ನೂ ಬರೆದರು. ಬರೆದು ಮುಗಿಸಿದ ಮೇಲೂ ಪೆನ್ನನ್ನು ಹಿಡಿದೇ ಇದ್ದರು. ನಾನು ಪೆಡಲಿನಿಂದ ಕಾಲು ತೆಗೆದು ಕಾದೆ.

ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಅವತ್ತಿನ ನಂತರದ ಪುಟಗಳಲ್ಲಿ ಪ್ರತಿ ಗಡಿಯಾರಕ್ಕೂ ಎರಡು ನಂಬರುಗಳಿವೆ, ಒಳಗಿನದು ಮತ್ತು ಹೊರಗಿನದು. ಕಾಜಾ ಹೊಲಿಯುವಾಗ ಕಣ್ಣು ಮಂಜಾದರೆ ನಾನು ಒಮ್ಮೊಮ್ಮೆ ಅವರ ಭೂತಗನ್ನಡಿಯನ್ನು ಸಿಕ್ಕಿಸಿಕೊಳ್ಳುತ್ತೇನೆ. ನನಗೂ ಅದು ನಿಲ್ಲುವುದಿಲ್ಲ, ಮಡಿಲಿಗೆ ಬೀಳುತ್ತದೆ.