ಅಕ್ಕನಿಗೆ ಓದಿದ ಶಾಸಕರ ಪತ್ರಿಕೆ

ಮೊನ್ನೆ ಬೆಳಿಗ್ಗೆ ಗೇಟಿಗೆ ನೇತುಹಾಕಿದ ಚೀಲಕ್ಕೆ ಕೈ ಹಾಕಿದಾಗ ಹಾಲಿನ ಪ್ಯಾಕೆಟ್ಟಿನ ಜೊತೆ ಮಡಚಿದ ಕಾಗದವೊಂದು ಸಿಕ್ಕಿತು. ನಮ್ಮ ಶಾಸಕರು ಮನೆಮನೆಗೆ ಹಂಚಿಸುವ ಪತ್ರಿಕೆ. ಒದ್ದೆಯಾದ ಅಂಚಿನಿಂದ ಹೊಸ ಮಸಿಯ ವಾಸನೆ ಬಂತು. ಅದರ ಹಿಂದೆಯೇ, ಎಲ್ಲೂ ಇಲ್ಲದ ಮಲ್ಲಿಗೆಯ ವಾಸನೆಯೂ... ಅಕ್ಕ ವ್ಯಾಪಾರ ಮುಗಿಸಿ ಬಂದಳೇನೋ ಎಂದು ಒಂದು ಗಳಿಗೆ ರಸ್ತೆಯ ಕಡೆ ನೋಡಿದೆ.

ಅಕ್ಕ ಮೂಡಲಪಾಳ್ಯದ ತಿರುವಿನಲ್ಲಿ, ಹೊಂಗೆ ಮರದ ಕೆಳಗೆ ಹೂವು ಮಾರುತ್ತಿದ್ದಳು. ಒಂದು ಹಲಗೆ, ಒದ್ದೆ ಗೋಣಿಚೀಲ, ಬುಟ್ಟಿ, ಅಷ್ಟೇ ಅವಳ ಅಂಗಡಿ. ಅವಳಿಗೆ ಓದು ಬರುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಹೂ ಕಟ್ಟಿ ನನ್ನನ್ನು ಶಾಲೆಗೆ ಕಳಿಸಿದವಳು ಅವಳೇ. ನಾನು ಐದನೇ ತರಗತಿಗೆ ಬಿಟ್ಟೆ. ಬೋರ್ಡಿನ ಮೇಲಿನ ದೊಡ್ಡ ಅಕ್ಷರ ಹೇಗೋ ಓದುತ್ತಿದ್ದೆ. ಸಣ್ಣ ಅಕ್ಷರ, ಒತ್ತಕ್ಷರ ಬಂದರೆ ಕಣ್ಣು ಅಲ್ಲೇ ನಿಂತುಬಿಡುತ್ತಿತ್ತು. ಆದರೆ ಅಕ್ಕ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು, "ನಮ್ ತಂಗಿ ಪೇಪರ್ ಓದ್ತಾಳೆ."

ಪತ್ರಿಕೆ ಬಂದ ದಿನ ಮಧ್ಯಾಹ್ನ ಊಟವಾದ ಮೇಲೆ ಅವಳು ಮೊಗ್ಗಿನ ರಾಶಿ ಮುಂದಿಟ್ಟುಕೊಂಡು ಕೂರುತ್ತಿದ್ದಳು. "ಓದೇ, ಏನಂತೆ ನಮ್ ಎಮ್ಮೆಲ್ಲೆ?"

ನಾನು ಓದುತ್ತಿದ್ದೆ. ಓದುವುದೆಂದರೆ, ಕಾಗದವನ್ನು ಮುಖದ ಮುಂದೆ ಹಿಡಿದು, ಫೋಟೋ ನೋಡಿ, ಬಾಯಿಗೆ ಬಂದದ್ದು ಹೇಳುವುದು. ಶಾಸಕರು ಗಿಡ ನೆಡುವ ಫೋಟೋ ಇದ್ದರೆ, ಇನ್ನು ಮುಂದೆ ಚಂದ್ರಾ ಲೇಔಟಿನಿಂದ ಗೋವಿಂದರಾಜನಗರದವರೆಗೆ ರಸ್ತೆಯುದ್ದಕ್ಕೂ ಸಂಪಿಗೆ ಮರವೇ ಇರಬೇಕೆಂದು ಕಾನೂನು ಬಂದಿದೆ ಎನ್ನುತ್ತಿದ್ದೆ. ಮಕ್ಕಳ ಫೋಟೋ ಇದ್ದರೆ, ಮಧ್ಯಾಹ್ನದ ಹೊತ್ತು ಯಾರೂ ಹಾರನ್ ಹೊಡೆಯುವಂತಿಲ್ಲ, ಮಲಗಿದ ಕೂಸುಗಳು ಏಳುತ್ತವೆ. ಅಕ್ಕನ ಬೆರಳುಗಳು ಬಾಳೆನಾರಿನ ಮೇಲೆ ನಿಧಾನವಾಗುತ್ತಿದ್ದವು. ಆ ಮರಗಳ ನೆರಳಿನಲ್ಲಿ ನಡೆಯುತ್ತಿದ್ದಾಳೇನೋ ಅನ್ನಿಸುತ್ತಿತ್ತು...

"ಹೂವಿನೋರಿಗೆ ಏನೂ ಮಾಡಿಲ್ವಂತಾ?"

"ಮಾಡವ್ರೆ ಕಣಕ್ಕ. ಬಿಸ್ಲಲ್ಲಿ ಕೂತೋರ ಹತ್ರ ಯಾರೂ ಚೌಕಾಸಿ ಮಾಡಂಗಿಲ್ವಂತೆ."

"ಅಯ್ಯೋ, ಹಂಗಾದ್ರೆ ಆ ಮೂರ್ನೇ ಕ್ರಾಸಿನ ಆಂಟೀನ ಮೊದ್ಲು ಜೈಲಿಗ್ ಹಾಕ್ಬೇಕು!"

ಹೀಗೆ ಎಷ್ಟು ತಿಂಗಳು ಕಳೆದವೋ. ಒಂದು ಸಲ ಪತ್ರಿಕೆಯಲ್ಲಿ ನಿಜವಾಗಿಯೂ ಹೂವಿನವರ ಸುದ್ದಿ ಇತ್ತು. ಹೊಸ ಕಾನೂನಿನಂತೆ ಬೀದಿ ಬದಿ ವ್ಯಾಪಾರಿಗಳ ಪಟ್ಟಿ ಮಾಡುತ್ತಾರೆ, ಬುಧವಾರ ಎಲ್ಲರೂ ಅವರವರ ಜಾಗದಲ್ಲೇ ಕೂತಿರಬೇಕು, ಫೋಟೋ ತೆಗೆದು ಗುರುತಿನ ಚೀಟಿ ಕೊಡುತ್ತಾರೆ, ಪಟ್ಟಿಯಲ್ಲಿಲ್ಲದವರಿಗೆ ಜಾಗವಿಲ್ಲ. ಇದೆಲ್ಲ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿತ್ತು, ನನಗೆ ಗೊತ್ತಾದದ್ದು ಆಮೇಲೆ. ನಾನು ಪಕ್ಕದಲ್ಲಿದ್ದ ಕೆರೆಯ ಫೋಟೋ ನೋಡಿ, ದೋಣಿ ಬಿಡುತ್ತಾರಂತೆ ಎಂದು ಓದಿದೆ.

ಆ ಬುಧವಾರ ಕೆಂಗೇರಿಯಲ್ಲಿ ನಮ್ಮ ಸೋದರತ್ತೆಯ ಮೊಮ್ಮಗುವಿನ ನಾಮಕರಣ. ಅಕ್ಕ ಬರುವುದಿಲ್ಲ ಎಂದಳು. ನಾನೇ ಹಟ ಮಾಡಿ ಎಳೆದುಕೊಂಡು ಹೋದೆ. "ಒಂದಿನ ಕೂರ್ದಿದ್ರೆ ನಿನ್ ಮರ ಎಲ್ಗೂ ಓಡೋಗಲ್ಲ, ಬಾರಕ್ಕ."

ಮರ ಓಡಿಹೋಗಲಿಲ್ಲ. ಕೆಲವು ತಿಂಗಳಾದ ಮೇಲೆ ಫುಟ್‌ಪಾತ್ ತೆರವು ಮಾಡಲು ಬಂದವರು ಚೀಟಿ ಕೇಳಿದರು. ಪಕ್ಕದ ಎಳನೀರಿನವನ ಬಳಿ ಇತ್ತು. ಅಕ್ಕ ಹಲಗೆ ಎತ್ತಿಕೊಂಡು ಮನೆಗೆ ಬಂದಳು. ಕಚೇರಿಗೆ ಅಲೆದೆವು, ಮುಂದಿನ ಪಟ್ಟಿ ಮಾಡುವಾಗ ಬನ್ನಿ ಎಂದರು. ಅಂದಿನಿಂದ ಅವಳು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಕ್ರಾಸಿನಿಂದ ಕ್ರಾಸಿಗೆ ನಡೆದೇ ಮಾರಿದಳು. ಸಂಜೆ ಬಂದು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಬೇರೆ ಕಡೆ ನೋಡುತ್ತಿದ್ದೆ.

ಮತ್ತೊಂದು ಪತ್ರಿಕೆ ಬಂತು. ಅಕ್ಕ ಎಂದಿನಂತೆ ಮೊಗ್ಗು ಹರಡಿಕೊಂಡು ಕೂತಳು. "ಓದೇ."

ನಾನು ಕಾಗದವನ್ನು ಮಡಿಕೆ ಬಿಚ್ಚದೆ ಹಿಡಿದುಕೊಂಡಿದ್ದೆ. ಅವಳು ತಲೆ ಎತ್ತದೆ ಹೇಳಿದಳು, "ಆ ಬುಧ್ವಾರದ್ ವಿಷ್ಯ ಪೇಪರಲ್ಲಿ ಇತ್ತೂಂತ ಎಳನೀರಣ್ಣ ಹೇಳ್ದ ಕಣೇ. ಇರ್ಲಿ, ಓದು."

ಅಂದು ಮೊದಲ ಸಲ ನಿಜವಾಗಿ ಓದಿದೆ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಎಡವಿ, ಬೆವರಿ. ಚರಂಡಿ ಕಾಮಗಾರಿ, ತಿದ್ದುಪಡಿ ವಿಧೇಯಕ, ಕಣ್ಣಿನ ಶಿಬಿರ... ನಾನು ಅರ್ಧ ಪುಟ ಮುಗಿಸುವಷ್ಟರಲ್ಲಿ ಅವಳು ಎರಡು ಮಾರು ಕಟ್ಟಿದ್ದಳು. ನಾರು ಕಡಿದು, "ನಿನ್ ಎಮ್ಮೆಲ್ಲೇನೇ ಚೆನ್ನಾಗಿದ್ದ ಬಿಡು" ಎಂದು ನಕ್ಕಳು.

ತಪ್ಪಾಯಿತು ಅಕ್ಕ ಎನ್ನಬೇಕಿತ್ತು. ಅವಳು ನಕ್ಕಳಲ್ಲ ಎಂದು ನಾನೂ ನಕ್ಕೆ. ಆಮೇಲೆ ಪ್ರತಿ ತಿಂಗಳೂ ಅವಳ ಮುಂದೆ ಹಾಗೆಯೇ ತಡವರಿಸುತ್ತಾ ನನಗೆ ಓದು ಬಂತು. ಆ ಒಂದು ಮಾತು ಮಾತ್ರ ಬರಲಿಲ್ಲ. ಅವಳು ಹೋಗಿ ಎರಡು ವರ್ಷವಾಯಿತು.

ಮೊನ್ನೆಯ ಪತ್ರಿಕೆಯಲ್ಲಿ ಮತ್ತೆ ಪಟ್ಟಿ ಮಾಡುವ ದಿನ ಬಂದಿದೆ. ಮೂರು ಸಲ ಓದಿ, ಕಾಗದವನ್ನು ಸೆರಗಿನಲ್ಲಿ ಹಿಡಿದು ತಿರುವಿಗೆ ಹೋದೆ. ಹೊಂಗೆ ಮರದ ಕೆಳಗೆ ಈಗ ಸೇವಂತಿಗೆ ಮಾರುವ ಹೆಂಗಸೊಬ್ಬಳು ಕೂರುತ್ತಾಳೆ. ಅವಳ ಬಳಿಯೂ ಚೀಟಿ ಇಲ್ಲ. ಮುಂದಿನ ಗುರುವಾರ ಎಲ್ಲೂ ಹೋಗಬೇಡ ಎಂದು ಹೇಳಿ, ಆ ಸಾಲುಗಳನ್ನು ಬೆರಳಿಟ್ಟು ಓದಿ ತೋರಿಸಿದೆ. ಒಂದಕ್ಷರ ಹೆಚ್ಚು ಸೇರಿಸಲಿಲ್ಲ.

"ಅಷ್ಟೇನಾ ಆಂಟಿ ಇರೋದು?" ಎಂದಳು.

"ಅಷ್ಟೇ ಕಣಮ್ಮ."

ಅವಳು ತಲೆಯಾಡಿಸಿ ಹೂವಿಗೆ ನೀರು ಚಿಮುಕಿಸಿದಳು. ಅಕ್ಕನಾಗಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಸಂಪಿಗೆ ಮರಗಳದ್ದು ಏನಾಯ್ತಂತೆ ಎಂದು ಕೇಳುತ್ತಿದ್ದಳು...