ಇಳಿಯದ ರಸ್ತೆ

ಹಾಸಿಗೆ ಮಾವನ ಅಂಗಡಿಗೆ ಹೋಗುವವರು ಈಗ ರಸ್ತೆಯಿಂದ ಕೆಳಗಿಳಿಯಬೇಕು. ಮೊದಲು ಹಾಗಿರಲಿಲ್ಲ. ಅವನು ಮದುವೆಯಾದ ಹೊಸತರಲ್ಲಿ ಮೂರು ಮೆಟ್ಟಿಲು ಏರಿ ಒಳಗೆ ಹೋಗಬೇಕಿತ್ತು. ಮುಂದೆ ಹಾಸಿಗೆ ಹೊಲಿಯುವ ಜಾಗ, ಹಿಂದೊಂದು ಕೋಣೆ, ಅದರಾಚೆ ಒಲೆಯ ಮೂಲೆ, ಕೊನೆಗೆ ಕಕ್ಕಸು. ಮನೆಯೆಂದರೆ ಅಷ್ಟೇ. ಬೀದಿಯವರೆಲ್ಲ ಅವನನ್ನು ಮಾವ ಎನ್ನುತ್ತಿದ್ದರು, ಅವನ ಹೆಂಡತಿಯನ್ನು ಅತ್ತೆ ಎನ್ನುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಯಾರಾದರೂ ಗಾದೆ ಹೇಳಿದರೆ ಮಾವನಿಗೆ ಸಿಟ್ಟು. "ಆ ಗಾದೆ ನನ್ನ ವ್ಯಾಪಾರಕ್ಕೆ ಶನಿ ಕಣಯ್ಯ. ಹಾಸಿಗೆ ಉದ್ದ ಹೊಲಿಸ್ಕೋ, ಕಾಲು ಎಷ್ಟಾದ್ರೂ ಚಾಚು" ಎನ್ನುತ್ತಿದ್ದ.

ಮೊದಲ ಸಲ ರಸ್ತೆ ರಿಪೇರಿಯಾದಾಗ ಹಳೆಯ ಡಾಂಬರಿನ ಮೇಲೇ ಹೊಸದನ್ನು ಸುರಿದು ಹೋದರು. ಹಳೆಯದನ್ನು ಕೆರೆದು ತೆಗೆಯಬೇಕಾದರೆ ಮನುಷ್ಯರು ಮೈ ಬಗ್ಗಿಸಬೇಕು, ಮೇಲೆ ಸುರಿಯುವುದಾದರೆ ಲಾರಿ ಬಗ್ಗಿದರೆ ಸಾಕು. ಒಂದು ಮೆಟ್ಟಿಲು ಮುಳುಗಿತು. ಮಾವ ಹೆಂಡತಿಯನ್ನು ಕರೆದು ತೋರಿಸಿ, "ನೋಡೇ, ರಸ್ತೆನೇ ನಮ್ಮನ್ನ ಹುಡುಕ್ಕೊಂಡು ಬರ್ತಾ ಇದೆ" ಎಂದು ನಕ್ಕ. ಮುಂದಿನ ರಿಪೇರಿಗಳಲ್ಲಿ ಉಳಿದೆರಡೂ ಮುಳುಗಿ ರಸ್ತೆ ಹೊಸ್ತಿಲಿಗೆ ಸಮವಾಗಿದ್ದ ಕೆಲವು ವರ್ಷಗಳು ಅವರ ಸುಖದ ಕಾಲ. ಹೊಲಿದ ಹಾಸಿಗೆಯನ್ನು ಸುತ್ತಿ ನೂಕಿದರೆ ಸೀದಾ ಗಾಡಿಗೇ ಹೋಗುತ್ತಿತ್ತು. ಆದರೆ ಬಂದ ನೆಂಟನಿಗೆ ಹೊಸ್ತಿಲಲ್ಲಿ ನಿಲ್ಲುವುದು ಗೊತ್ತಿರಬೇಕು. ರಸ್ತೆ ನಿಲ್ಲಲಿಲ್ಲ. ರಿಪೇರಿಯ ಮೇಲೆ ರಿಪೇರಿಯಾಗಿ ಅಂಗಡಿ ಹಳ್ಳಕ್ಕೆ ಬಿತ್ತು. ಮಳೆ ಬಂದಾಗ ನೀರು ಒಳಗೆ ನುಗ್ಗಿ, ಅರಳೆಯ ಮೂಟೆಗಳು ಅದನ್ನು ಕುಡಿದು ಕೂರುತ್ತಿದ್ದವು.

ಮಳೆಯಾದರೂ ಆಗೊಮ್ಮೆ ಈಗೊಮ್ಮೆ. ಕಕ್ಕಸಿನ ಪಾಡು ದಿನನಿತ್ಯದ್ದು. ಬೀದಿಯ ಅಡಿಯಲ್ಲಿದ್ದ ಒಳಚರಂಡಿಯ ಕೊಳವೆ ಮಾವನಿಗಿಂತ ಹಳೆಯದು, ಅಲ್ಲಲ್ಲಿ ಕುಸಿದಿತ್ತು. ಸುರಿದ ನೀರು ಇಳಿಯುವ ಬದಲು ಮೇಲಕ್ಕೇ ಬರುತ್ತಿತ್ತು. ಆಗೆಲ್ಲ ಅತ್ತೆ ಗೋಡೆ ಹಿಡಿದು ರಸ್ತೆಗೆ ಏರಿ, ಎದುರಿನ ದಿನಸಿ ಅಂಗಡಿಯವನ ಮನೆಗೆ ಹೋಗಬೇಕಿತ್ತು. ಅವಳ ಮಂಡಿಗಳೋ ಊದಿಕೊಂಡು ಮಡಿಸಲು ಬಾರದಂತಾಗಿದ್ದವು. ಆದರೂ ಅವಳನ್ನು ದಿನವೂ ಹಿಂಡುತ್ತಿದ್ದುದು ಮಂಡಿನೋವಲ್ಲ.

"ಕಾಲು ನೋವಿಗೆ ಎಣ್ಣೆ ಹಚ್ಕೋಬಹುದು. ಇನ್ನೊಬ್ಬರ ಬಾಗಿಲಲ್ಲಿ ನಿಂತು ಇದನ್ನ ಕೇಳ್ತೀನಲ್ಲ, ಅದಕ್ಕೆ ಏನು ಹಚ್ಚಲಿ?" ಎಂದು ಒಮ್ಮೆ ಗಂಡನನ್ನು ಕೇಳಿದಳು. ಮಾವ ಸೂಜಿಗೆ ದಾರ ಪೋಣಿಸುತ್ತ ಕೂತ. ಅವತ್ತು ದಾರ ಸೂಜಿಗೆ ಏರಲೇ ಇಲ್ಲ.

ಹೀಗಿರುವಾಗ ಬೀದಿಯನ್ನು ಪೂರ್ತಿ ಅಗೆಯುತ್ತಾರಂತೆ ಎಂಬ ಸುದ್ದಿ ಬಂತು. ಹಳೆಯ ಕೊಳವೆ ಮುಚ್ಚಿ, ದಪ್ಪನೆಯ ಹೊಸದನ್ನು ಆಳದಲ್ಲಿ ಹಾಕಿ, ರಸ್ತೆಯನ್ನು ಮೊದಲಿದ್ದ ಮಟ್ಟಕ್ಕೇ ಇಳಿಸುತ್ತಾರೆ ಎಂದು ಎಂಜಿನಿಯರ್ ಹುಡುಗ ನಕ್ಷೆ ಬಿಡಿಸಿ ಎಲ್ಲರೆದುರು ಹೇಳಿದ. ಮಾವ ಓಡುತ್ತಲೇ ಮನೆಗೆ ಬಂದ.

"ಇನ್ಮೇಲೆ ನೀನು ಯಾರ ಬಾಗಿಲಿಗೂ ಹೋಗೋ ಹಾಗಿಲ್ಲ. ಇದು ನನ್ನ ಮಾತು" ಎಂದ. ಅತ್ತೆ ನಂಬಿದಳು. ಏನನ್ನಾದರೂ ನಂಬಿ ಬಹಳ ದಿನಗಳಾಗಿದ್ದವು, ಅದಕ್ಕೇ ಇರಬೇಕು, ಅವಳ ಮುಖಕ್ಕೊಂದು ಕಳೆ ಬಂತು.

ಯಂತ್ರ ಬಂದು ಬೀದಿಯನ್ನು ಸೀಳಿತು. ಮಣ್ಣು ಗುಡ್ಡೆ ಬಿತ್ತು. ದಿನಸಿಯವನು ಬಲು ಲೆಕ್ಕಾಚಾರದ ಮನುಷ್ಯ. ಆ ಮಣ್ಣನ್ನೇ ಹೊತ್ತು ತನ್ನ ಅಂಗಡಿ, ಮನೆ ಎರಡರ ನೆಲವನ್ನೂ ಎತ್ತರಿಸಿಕೊಂಡ.

"ಪುಕ್ಕಟೆ ಮಣ್ಣು ಮಾವ, ನೀನೂ ತುಂಬಿಸ್ಕೋ" ಎಂದ.

"ರಸ್ತೆ ಇಳಿಯೋವಾಗ ನಾನ್ಯಾಕಪ್ಪ ಏರಲಿ? ನಾಳೆ ನಿನ್ನ ಅಂಗಡಿಗೆ ಗಿರಾಕಿಗಳು ಏಣಿ ಹಾಕ್ಕೊಂಡು ಬರ್ತಾರೆ ನೋಡ್ತಿರು" ಎಂದು ಮಾವ ಕಿಚಾಯಿಸಿದ. ಉಳಿದ ಮಣ್ಣನ್ನು ಲಾರಿಗಳು ಒಯ್ದವು.

ಆಮೇಲೆ ಕೆಲಸ ನಿಂತಿತು. ಅಡಿಯಲ್ಲಿ ಬಂಡೆ ಸಿಕ್ಕಿತಂತೆ. ಹಿಂದಿನವರು ತಮ್ಮ ಸಣ್ಣ ಕೊಳವೆ ಹಿಡಿಸುವಷ್ಟೇ ಅದನ್ನು ಕೊರೆದಿದ್ದರು, ಹೊಸದು ಅದರಲ್ಲಿ ಕೂರುತ್ತಿರಲಿಲ್ಲ. ಬಾಗಿಲ ಮುಂದೆ ಗುಂಡಿ, ಗುಂಡಿಯ ಮೇಲೊಂದು ಹಲಗೆ. ತಲೆಯ ಮೇಲೆ ಹಾಸಿಗೆ ಹೊತ್ತು ಆ ಹಲಗೆ ದಾಟಲು ಸರ್ಕಸ್ಸಿನವರೇ ಬರಬೇಕು. ಬೇಸಗೆ ಹೀಗೇ ಕಳೆಯಿತು. ಅಂಗಡಿಗಳವರು ನೊಣ ಹೊಡೆಯುತ್ತ ಕೂತರು, ಒಳಗೊಳಗೇ ಕುದ್ದರು. ಒಂದು ಬೆಳಿಗ್ಗೆ ಎಂಜಿನಿಯರ್ ಕಣ್ಣಿಗೆ ಬಿದ್ದದ್ದೇ ತಡ, ಸುತ್ತುವರಿದರು. ಎಲ್ಲರಿಗಿಂತ ಮುಂದೆ ನಿಂತವನು ಮಾವ.

ಎಂಜಿನಿಯರ್ ಮರ್ಯಾದೆಯಿಂದಲೇ ಹೇಳಿದ. "ಬಂಡೆ ಒಡೆದು ಆಳಕ್ಕೆ ಹೋಗೋದಾದ್ರೆ ಮಳೆಗಾಲನೂ ಹೀಗೇ ಕಳೀಬೇಕು. ಬಂಡೆ ಮೇಲೇ ಕೊಳವೆ ಇಟ್ಟು ಮುಚ್ಚೋದಾದ್ರೆ ಬೇಗ ಮುಗಿಸ್ತೀವಿ. ನೀವೆಲ್ಲ ಒಪ್ಪಿದ್ರೆ ಮೇಲಿನವರಿಗೆ ಹೇಳ್ತೀನಿ."

"ನಿಮ್ಮ ಆಳ ಗೀಳ ನೀವೇ ಇಟ್ಕೊಳ್ಳಿ ಸ್ವಾಮಿ. ಮೊದಲು ಈ ಗುಂಡಿ ಮುಚ್ಚಿ" ಎಂದು ಮಾವ ಗಂಟಲು ಹರಿಯುವಂತೆ ಕೂಗಿದ. ಉಳಿದವರು ಹೌದೌದು ಎಂದರು. ಕೊಳವೆ ಮೇಲೆ ಕೂತರೆ ರಸ್ತೆ ಎಲ್ಲಿ ಕೂರುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ಗುಂಡಿಯ ಅಂಚಿನಲ್ಲೇ ಅಷ್ಟು ದಿನ ಬದುಕಿದವರಿಗೆ ಗುಂಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದು ಇಂಥವರನ್ನು ನೋಡಿಯೇ.

ಮಾತು ಕೊಟ್ಟಂತೆ ಬೇಗನೇ ಮುಗಿಸಿದರು. ಬಂಡೆಯ ಮೇಲೆ ಕೊಳವೆ, ಕೊಳವೆಯ ಮೇಲೆ ಕಾಂಕ್ರೀಟು, ಅದರ ಮೇಲೆ ರಸ್ತೆ. ಚೆಂದದ ರಸ್ತೆ, ಹಿಂದೆಂದೂ ಇರದಷ್ಟು ಎತ್ತರ. ಕೋಣೆಯಲ್ಲಿ ಕೂತ ಅತ್ತೆಗೆ ಬಾಗಿಲಿನಾಚೆ ಜನರ ಕಾಲುಗಳು, ಗಾಡಿಗಳ ಚಕ್ರಗಳು ಮಾತ್ರ ಕಾಣತೊಡಗಿದವು.

ಮನೆಮನೆಗೆ ಒಳಚರಂಡಿ ಜೋಡಿಸುವ ಕೆಲಸಗಾರ ಕೊನೆಗೆ ಮಾವನಲ್ಲಿಗೆ ಬಂದ. ಕಕ್ಕಸನ್ನೂ ರಸ್ತೆಯನ್ನೂ ಒಮ್ಮೆ ನೋಡಿ ತಲೆ ಕೆರೆದುಕೊಂಡ.

"ಕೊಳವೆ ಮೇಲಿದೆ, ನಿಮ್ಮ ಕಕ್ಕಸು ಕೆಳಗಿದೆ ಯಜಮಾನ್ರೇ. ಜೋಡಿಸಿದ್ರೆ ಬೀದಿದೆಲ್ಲಾ ನಿಮ್ಮನೆಗೇ ಬರುತ್ತೆ."

"ಹಳೇದಕ್ಕೇ ಬಿಟ್ಬಿಡಪ್ಪ. ಹೇಗೋ ನಡೀತಿತ್ತು."

"ಹಳೇದಕ್ಕೆ ಸಿಮೆಂಟ್ ತುಂಬಿಸಿ ಆಯ್ತು" ಎಂದು ಅವನು ಮಾವನ ಕಕ್ಕಸಿನ ಬಾಯಿಗೂ ಒಂದಿಷ್ಟು ಸಿಮೆಂಟ್ ಮೆತ್ತಿ ಮುಚ್ಚಿದ. ಬಿಟ್ಟರೆ ಗಬ್ಬು ವಾಸನೆ ಬರುತ್ತದೆ ಎಂದ.

ಮಾವ ಎಂಜಿನಿಯರನ್ನು ಹುಡುಕಿಕೊಂಡು ಹೋದ. ಹುಡುಗ ಕುರ್ಚಿ ಕೊಟ್ಟು ಕೂರಿಸಿದ. ನೆಲ ಎತ್ತರಿಸಿಕೊಳ್ಳಿ ಎಂದ, ಆಮೇಲೆ ಅಂಗಡಿಯ ತಗ್ಗು ಮಾಡು ನೆನಪಾಗಿರಬೇಕು, ಆ ಮಾತನ್ನು ಅಲ್ಲಿಗೇ ಬಿಟ್ಟ. ಈಗ ಅಷ್ಟು ಮಣ್ಣು ತುಂಬಿದರೆ ಒಳಗೆ ಅಂಬೆಗಾಲಿಡಬೇಕು. "ಅವತ್ತು ನೀವೇ ಹೇಳಿದ್ರಲ್ಲ ಯಜಮಾನ್ರೇ" ಎಂದು ಮೆಲ್ಲಗೆ ಅಂದ, ಚುಚ್ಚುವುದಕ್ಕಲ್ಲ. ಬಯ್ಯಲು ಒಬ್ಬನಾದರೂ ಸಿಕ್ಕಿದ್ದರೆ ಮಾವನ ಎದೆಭಾರ ಇಳಿಯುತ್ತಿತ್ತು.

ಮನೆಗೆ ಬಂದು ಹೆಂಡತಿಯೆದುರು ಕೂತ. "ಮುಚ್ಚಿ ಅಂತ ಕೂಗಿದ್ದು ನಾನೇ ಕಣೇ."

"ಕೇಳಿಸಿತ್ತು. ನಿಮ್ಮ ದನಿ ನಂಗೆ ಗೊತ್ತಾಗಲ್ವಾ?"

"ಆಗಲೇ ಯಾಕೆ ತಡೀಲಿಲ್ಲ?"

"ನಂಗೂ ಅದು ಮುಚ್ಚಿದ್ರೆ ಸಾಕಾಗಿತ್ತು. ಆ ಹಲಗೆ ದಾಟಿ ಎದುರಿನವರ ಮನೆಗೆ ಹೋಗೋಕೆ ಆಗ್ತಿರಲಿಲ್ಲ" ಎಂದಳು ಅತ್ತೆ.

ಮಾವ ಇಟ್ಟಿಗೆ ತಂದು ರಸ್ತೆಗೆ ಏರುವ ಮೆಟ್ಟಿಲುಗಳನ್ನು ಹೊಸದಾಗಿ ಕಟ್ಟಿದ. ಅತ್ತೆ ಬೆಳಿಗ್ಗೆ ಅವನ ಹೆಗಲು ಹಿಡಿದು ಒಂದೊಂದೇ ಏರುತ್ತಾಳೆ. ದಿನಸಿಯವನ ಹೆಂಡತಿ ಒಳ್ಳೆಯವಳು, ಯಾವತ್ತೂ ಮುಖ ಸಿಂಡರಿಸಿಲ್ಲ, ಬಾಗಿಲು ತೆಗೆದು ಪಕ್ಕಕ್ಕೆ ಸರಿಯುತ್ತಾಳೆ. ಮಾವ ಹೊರಗೆ ರಸ್ತೆಯಲ್ಲಿ ಕಾಯುತ್ತಾನೆ. ದಿನಕ್ಕೆ ಎರಡನೆಯ ಸಲ ಏರುವ ಶಕ್ತಿ ಅವಳ ಕಾಲಿಗಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಲೋಟದ ತುಂಬ ನೀರಿಡುತ್ತಾನೆ. ಅವಳು ಮಾತ್ರೆ ನುಂಗುವಷ್ಟು ಕುಡಿದು, ಉಳಿದದ್ದನ್ನು ಅವನ ಕಡೆಗೆ ಸರಿಸುತ್ತಾಳೆ.